ಚೈನಿಗೆ ಯಾವ ಎಣ್ಣೆ?

ನಮಸ್ಕಾರ. ಸೈಕಲ್ ತುಳಿಯುವಾಗ ಚೈನು ಕಿರ್ ಕಿರ್ ಅನ್ನುತ್ತಿದೆಯಾ? ಹಾಗಾದರೆ ಇವತ್ತಿನ ಮಾತು ನಿಮಗೇ.

ನಾನು ಚಳ್ಳಕೆರೆಯಲ್ಲಿ ಹೈಸ್ಕೂಲು ಓದುವಾಗ, ಒಂದು ದಿನ ಅಮ್ಮನ ಕೊಬ್ಬರಿ ಎಣ್ಣೆಯನ್ನು ಅರ್ಧ ಬಾಟಲಿ ಚೈನಿಗೆ ಸುರಿದಿದ್ದೆ. ಎರಡು ದಿನ ಸೈಕಲ್ಲು ಸದ್ದಿಲ್ಲದೆ ಓಡಿತು. ಮೂರನೇ ದಿನ ದೂಳೆಲ್ಲ ಮೆತ್ತಿಕೊಂಡು ಕರೀ ಮುದ್ದೆ, ಪ್ಯಾಂಟಿನ ಬಲಗಾಲಿಗೆ ಮಸಿ, ಮನೆಯಲ್ಲಿ ಬೈಗುಳ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅನ್ನುವುದೂ ಆಗ ಹೊಳೆದಿರಲಿಲ್ಲ.

ಹಳಬರು ಇಂಥ ಕಡೆ ಹಾಕುವ ಎಣ್ಣೆಗೆ ಕೀಲೆಣ್ಣೆ ಅನ್ನುತ್ತಾರಲ್ಲ, ಎಷ್ಟು ಸರಿಯಾದ ಮಾತು ನೋಡಿ. ಎಣ್ಣೆ ಬೇಕಾಗಿರುವುದು ಕೀಲಿಗೆ. ಚೈನಿನಲ್ಲಿ ಅರ್ಧ ಅರ್ಧ ಇಂಚಿಗೆ ಒಂದು ಪಿನ್ನು, ಅದರ ಸುತ್ತ ಒಂದು ರೋಲರ್. ಸವೆಯುವುದು ಆ ಪಿನ್ನು ತಿರುಗುವ ಜಾಗ. ಹೊರಗೆ ಉಳಿದ ಎಣ್ಣೆ ಸುಮ್ನೆ ದೂಳು ಹಿಡಿಯುತ್ತದೆ, ಅಷ್ಟೆ.

ಹಾಗಾಗಿ ಗ್ರೀಸು ಬೇಡ, ದಪ್ಪ ಜಾಸ್ತಿ, ಒಳಗೆ ಇಳಿಯುವುದಿಲ್ಲ. ಬೈಕಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲಂತೂ ಬೇಡವೇ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ಆದರೆ ತೆಳು, ಒಂದು ಮಳೆಗೆ ಹೋಯಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸದ್ದೇನೋ ನಿಲ್ಲುತ್ತದೆ, ಜೊತೆಗೆ ಒಳಗಿದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಸೈಕಲ್ ಅಂಗಡಿಯಲ್ಲಿ ಚೈನಿಗೆಂದೇ ಮಾಡಿದ ಎಣ್ಣೆಗಳು ಡ್ರೈ ಲೂಬ್, ವೆಟ್ ಲೂಬ್ ಅಂತ ಎರಡು ಥರ ಸಿಗುತ್ತವೆ. ಡ್ರೈ ಹಾಕಿದ ಮೇಲೆ ಕೆಲವು ಗಂಟೆ ಒಣಗಲು ಬಿಡಬೇಕು. ಚಳ್ಳಕೆರೆಯ ದೂಳಿಗೆ ಅದೇ ಸರಿ, ಮಳೆ ಬಂದರೆ ಮಾತ್ರ ಬೇಗ ತೊಳೆದುಹೋಗುತ್ತದೆ. ಈಗ ನಾನಿರುವುದು ತೀರ್ಥಹಳ್ಳಿಯಲ್ಲಿ. ಇಲ್ಲಿ ಜೂನ್ ಬಂತೆಂದರೆ ವೆಟ್ ಲೂಬೇ ಗತಿ. ಎರಡೂ ಸಿಗಲಿಲ್ಲವಾ, ಹೊಸ ಎಂಜಿನ್ ಆಯಿಲ್ ನಾಲ್ಕಾರು ಹನಿ ನಡೆದೀತು.

ಹಾಕುವುದು ಹೇಗೆ? ಮೊದಲು ಹಳೇ ಬನಿಯನ್ ಬಟ್ಟೆಗೆ ಒಂಚೂರು ಡೀಸೆಲ್ ಹಾಕಿ ಚೈನಿನ ಮಸಿ ಒರೆಸಿ, ಒಣಗಲಿ. ಆಮೇಲೆ ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸುತ್ತಾ ಒಂದೊಂದು ರೋಲರಿಗೂ ಒಂದೇ ಹನಿ. ಸ್ವಲ್ಪ ಹೊತ್ತು ಬಿಟ್ಟು, ಈಗ ತಾನೇ ಹಾಕಿದ ಎಣ್ಣೆಯನ್ನೇ ಹೊರಗಿನಿಂದ ಒರೆಸಿ ತೆಗೆಯಿರಿ. ದಂಡ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಒಳಗೆ ಇಳಿದದ್ದು ಅಲ್ಲೇ ಇರುತ್ತದೆ.

ಇಷ್ಟಾದರೂ ಚೈನು ಜಾರುತ್ತಿದ್ದರೆ, ಸವೆದು ಉದ್ದವಾಗಿದೆಯಾ ನೋಡಲು ಮಕ್ಕಳ ಸ್ಕೇಲು ತಗೊಳ್ಳಿ. 24 ಕೊಂಡಿ ಸರಿಯಾಗಿ 12 ಇಂಚು ಬರಬೇಕು. ಕೊನೆಯ ಪಿನ್ನು ಸ್ಕೇಲಿನ 12 ಇಂಚಿನ ಗೆರೆ ದಾಟಿ 3 ಮಿಲಿಮೀಟರ್ ಮುಂದೆ ಹೋಗಿದ್ದರೆ ಯಾವ ಎಣ್ಣೆಯೂ ಬೇಡ, ಹೊಸ ಚೈನು ಹಾಕಿಸಿ. ನಮಸ್ಕಾರ.