ಹೆಲ್ಮೆಟ್ ಹಾಕಿದ ಮೇಲೆ ಯಾರು ಯಾರು?

ಎಲ್ಲರಿಗೂ ನಮಸ್ಕಾರ.

ಯುದ್ಧಚಿತ್ರ ನೋಡಿ ಹೊರಬಂದವರು ಮೆಟ್ಟಿಲಿಳಿಯುತ್ತಾ ಎರಡು ಮಾತಾಡುತ್ತಾರೆ. ‘ಏನ್ ಟೆನ್ಷನ್ ಗುರೂ’ ಅನ್ನುವುದು ಒಂದು. ‘ಆ ಪಾತ್ರಕ್ಕೆ ಅವನನ್ನ ಯಾಕೆ ಹಾಕಿದ್ರೋ’ ಅನ್ನುವುದು ಇನ್ನೊಂದು. ಇವೆರಡನ್ನೂ ನಾವು ಬೇರೆ ಬೇರೆ ಚರ್ಚೆ ಅಂದುಕೊಂಡಿದ್ದೇವೆ. ಅಲ್ಲ. ಯಾರು ಉಳಿಯುತ್ತಾರೆ ಅನ್ನುವುದು ಪೋಸ್ಟರ್ ನೋಡಿದಾಗಲೇ ಗೊತ್ತಾಗಿಬಿಟ್ಟರೆ, ಆಮೇಲೆ ಎಷ್ಟು ಬಾಂಬ್ ಸಿಡಿಸಿದರೂ ಸೀಟಿನ ತುದಿಗೆ ಯಾರೂ ಬರುವುದಿಲ್ಲ. ಬಿಗುವು ಶುರುವಾಗುವುದೇ ನಟರ ಆಯ್ಕೆಯಲ್ಲಿ.

ಕೋಟಿಗಟ್ಟಲೆ ಸಂಭಾವನೆಯ ನಾಯಕ ಇಂಟರ್‌ವಲ್‌ಗೆ ಮುಂಚೆ ಸಾಯುವುದಿಲ್ಲ. ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪರಿಚಿತ ಮುಖ ಅಂದರೆ ಪ್ರೇಕ್ಷಕನ ಕೈಯಲ್ಲಿರುವ ವಿಮಾ ಪಾಲಿಸಿ. ಅದನ್ನು ಮೊದಲ ಹತ್ತು ನಿಮಿಷದಲ್ಲೇ ಹರಿದು ಹಾಕಿದ ಚಿತ್ರ ಕ್ಯಾಥ್ರಿನ್ ಬಿಗೆಲೋ ಅವರ ‘ದಿ ಹರ್ಟ್ ಲಾಕರ್’. ಬಾಂಬ್ ನಿಷ್ಕ್ರಿಯಗೊಳಿಸುವ ತಂಡದ ಮುಖ್ಯಸ್ಥನಾಗಿ ಬರುವವರು ಗೈ ಪಿಯರ್ಸ್. ಕಥೆ ಇವರದೇ ಅಂದುಕೊಳ್ಳುವಷ್ಟರಲ್ಲಿ ಮೊದಲ ಸ್ಫೋಟಕ್ಕೇ ಬಲಿಯಾಗುತ್ತಾರೆ. ನಡುವೆ ರಾಲ್ಫ್ ಫೈನ್ಸ್ ಬರುತ್ತಾರೆ, ಮರುಭೂಮಿಯಲ್ಲಿ ಸ್ನೈಪರ್ ಗುಂಡಿಗೆ ಅವರೂ ಹೋಗುತ್ತಾರೆ. ಉಳಿದು ಮುಂದುವರಿಯುವವರು ಜೆರೆಮಿ ರೆನ್ನರ್, ಆಂಥೊನಿ ಮ್ಯಾಕಿ. ಆಗ ಇಬ್ಬರೂ ದೊಡ್ಡ ಹೆಸರಲ್ಲ. ಇಷ್ಟಾದ ಮೇಲೆ ಪ್ರತಿ ವೈರ್ ಕತ್ತರಿಸುವಾಗಲೂ ಪ್ರೇಕ್ಷಕನ ಹತ್ತಿರ ಯಾವ ಭರವಸೆಯೂ ಉಳಿದಿರುವುದಿಲ್ಲ.

‘1917’ ಚಿತ್ರದ ಉಪಾಯ ಬೇರೆ. ಸ್ಯಾಮ್ ಮೆಂಡಿಸ್ ಅಲ್ಲಿ ಹೆಸರಾಂತ ನಟರನ್ನೆಲ್ಲ ಅಧಿಕಾರಿಗಳನ್ನಾಗಿ ಮಾಡಿ ಬದಿಗಿಟ್ಟರು. ದಾಳಿ ನಿಲ್ಲಿಸುವ ಆದೇಶ ಕೊಟ್ಟು ಕಳಿಸುವವರು ಕಾಲಿನ್ ಫರ್ತ್, ಕೊನೆಯಲ್ಲಿ ಅದನ್ನು ಓದಿಕೊಳ್ಳುವವರು ಬೆನೆಡಿಕ್ಟ್ ಕಂಬರ್‌ಬ್ಯಾಚ್. ಒಬ್ಬೊಬ್ಬರಿಗೂ ಕೆಲವೇ ನಿಮಿಷ. ಕೆಸರಿನಲ್ಲಿ ಓಡುವ ಇಬ್ಬರು ಹುಡುಗರ ಮುಖಕ್ಕೆ ಮಾತ್ರ ಅಂಥ ತೂಕವಿಲ್ಲ. 1,600 ಸೈನಿಕರನ್ನು ಉಳಿಸಬೇಕು, ಅವರಲ್ಲಿ ಈ ಹುಡುಗರಲ್ಲೊಬ್ಬನಾದ ಬ್ಲೇಕ್‌ನ ಅಣ್ಣನೂ ಇದ್ದಾನೆ. ಹಾಗಾಗಿ ಕಥೆ ಬ್ಲೇಕ್‌ನದು ಎಂದೇ ನಂಬಿ ಕೂತಿರುತ್ತೇವೆ, ಅರ್ಧ ದಾರಿಗೂ ಮುಂಚೆ ಅವನೇ ಸಾಯುತ್ತಾನೆ. ಇಬ್ಬರಲ್ಲಿ ಒಬ್ಬ ಸ್ಟಾರ್ ಆಗಿದ್ದರೂ ಈ ಏಟು ಬೀಳುತ್ತಿರಲಿಲ್ಲ.

ಎಷ್ಟೇ ಯೋಚಿಸಿ ಆರಿಸಿದರೂ ಕಾಲ ಕೈಕೊಡುವುದುಂಟು. ರಯಾನ್ ಎಂಬ ಒಬ್ಬ ಸೈನಿಕನನ್ನು ಹುಡುಕಿ ತರಲು ಒಂದು ತಂಡ ಹೊರಡುವ ಕಥೆ ‘ಸೇವಿಂಗ್ ಪ್ರೈವೇಟ್ ರಯಾನ್’. ಆ ರಯಾನ್ ಪಾತ್ರಕ್ಕೆ ನಿರ್ದೇಶಕ ಸ್ಪೀಲ್‌ಬರ್ಗ್ ಬಯಸಿದ್ದು ಹೆಚ್ಚು ಪರಿಚಯವಿಲ್ಲದ ಹುಡುಗನನ್ನು. ಮ್ಯಾಟ್ ಡೇಮನ್ ಸಿಕ್ಕರು. ಚಿತ್ರ ತೆರೆಗೆ ಬಂದದ್ದು 1998ರ ಜುಲೈನಲ್ಲಿ, ಅಷ್ಟರೊಳಗೆ ಡೇಮನ್ ಆಸ್ಕರ್ ಗೆದ್ದ ತಾರೆ. ಮುಖ ಕಂಡ ಕೂಡಲೇ ರಯಾನ್ ಇವನೇ ಎಂದು ತಿಳಿದುಹೋಯಿತು. ಅದೇ ಚಿತ್ರದಲ್ಲಿ ಹೆಸರಿನ ಗೊಂದಲದಿಂದ ಸಿಗುವ ತಪ್ಪು ರಯಾನ್ ದೃಶ್ಯ ನೆನಪಿಸಿಕೊಳ್ಳಿ. ಆ ನೇಥನ್ ಫಿಲಿಯನ್ ಅವರನ್ನು ಅಂದು ಯಾರು ಗುರುತಿಸುತ್ತಿದ್ದರು? ಅದಕ್ಕೇ ಆ ದೃಶ್ಯ ಕೂತಿತು. ಇನ್ನೊಂದು ಉಪಾಯವೂ ಅಲ್ಲಿತ್ತು. ನಿವೃತ್ತ ಮರೀನ್ ಡೇಲ್ ಡೈ ಅವರ ಕಠಿಣ ತರಬೇತಿಗೆ ಉಳಿದವರನ್ನೆಲ್ಲ ಕಳಿಸಿ ಡೇಮನ್‌ರನ್ನು ಬೇಕೆಂದೇ ಬಿಟ್ಟರು. ‘ಇವನೊಬ್ಬನಿಗಾಗಿ ನಾವೆಲ್ಲ ಸಾಯಬೇಕಾ’ ಎಂಬ ಸಿಡುಕು ನಟರೊಳಗೇ ಹುಟ್ಟಲಿ ಅಂತ.

ಹಾಗಾದರೆ ಯುದ್ಧಚಿತ್ರದಲ್ಲಿ ಸ್ಟಾರ್ ಬೇಡವೇ? ಹಾಗೆ ಹೇಳಲಾರೆ. 1990ರ ‘ಮುತ್ತಿನ ಹಾರ’ದಲ್ಲಿ ರಾಜೇಂದ್ರ ಸಿಂಗ್ ಬಾಬು ಅವರಿಗೆ ವಿಷ್ಣುವರ್ಧನ್ ಬೇಕೇ ಬೇಕಿತ್ತು. ಆ ಕೊಡಗಿನ ಯೋಧ ಬದುಕುತ್ತಾನೋ ಇಲ್ಲವೋ ಎಂಬುದಕ್ಕಿಂತ ಅವನ ಮನೆ ಏನೇನು ಕಳೆದುಕೊಂಡಿತು ಎಂಬುದೇ ಅಲ್ಲಿನ ಕಥೆ. ಕಳೆದುಕೊಳ್ಳುವುದನ್ನು ತೋರಿಸಬೇಕಾದರೆ ಪ್ರೇಕ್ಷಕ ಮೊದಲೇ ಪ್ರೀತಿಸಿರುವ ಮುಖ ಬೇಕು. ಗಡಿಯಾರ ನೋಡಿಕೊಂಡು ಉಸಿರು ಹಿಡಿಯುವ ಚಿತ್ರಕ್ಕೆ ಅದೇ ಮುಖ ಭಾರವಾಗುತ್ತದೆ.

ಇನ್ನು ಕೈಕೆಲಸಕ್ಕೆ ಬರೋಣ. ನಮ್ಮ ಸೇನೆಯಲ್ಲಿ ಒಂದು ಸೆಕ್ಷನ್ ಅಂದರೆ ಹತ್ತು ಜನ, ಮುಂದಾಳು ಹವಾಲ್ದಾರ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್. ತೆರೆಯ ಮೇಲೆ ಹತ್ತು ಜನರನ್ನು ನಿಲ್ಲಿಸಿ, ಹೆಲ್ಮೆಟ್ ಹಾಕಿಸಿ, ಮುಖಕ್ಕೆ ಮಸಿ ಬಳಿದರೆ ಯಾರು ಸತ್ತರು ಅಂತಲೇ ಗೊತ್ತಾಗುವುದಿಲ್ಲ. ‘ಡನ್‌ಕರ್ಕ್’ನಲ್ಲಿ ಕಪ್ಪು ಕೂದಲಿನ ತೆಳ್ಳನೆಯ ಹುಡುಗರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಲಾಗದೆ ಅನೇಕರು ಒದ್ದಾಡಿದರು. ಜನಜಂಗುಳಿಯಲ್ಲಿ ಎಲ್ಲರೂ ಒಂದೇ ಎನ್ನಲಿಕ್ಕೆ ನಿರ್ದೇಶಕ ನೋಲನ್ ಹಾಗೆ ಮಾಡಿದರು ಎಂಬ ವಾದವಿದೆ. ನನಗೆ ಅದು ಒಪ್ಪಿಗೆಯಿಲ್ಲ. ಗುರುತು ಹಿಡಿಯಲು ತಿಣುಕುವ ಪ್ರೇಕ್ಷಕನಿಗೆ ಹೆದರಲು ಪುರುಸೊತ್ತು ಎಲ್ಲಿರುತ್ತದೆ? ಅದೇ ಚಿತ್ರದಲ್ಲಿ ಪೈಲಟ್ ಆಗಿರುವ ಟಾಮ್ ಹಾರ್ಡಿ ಬಹುಪಾಲು ಹೊತ್ತು ಆಮ್ಲಜನಕದ ಮಾಸ್ಕಿನ ಹಿಂದೆ ಇದ್ದರೂ ಬರೀ ಕಣ್ಣಿನಲ್ಲಿ ನಿಭಾಯಿಸಿದರು. ಕಾಕ್‌ಪಿಟ್ಟಿನೊಳಗೆ ಅವರೊಬ್ಬರೇ ಇದ್ದುದು ಅದಕ್ಕೆ ಅನುಕೂಲವಾಯಿತು.

ಇದಕ್ಕೆ ಆಡಿಷನ್ ಹಂತದಲ್ಲೇ ಒಂದು ಪರೀಕ್ಷೆ ಮಾಡಬಹುದು. ಆರಿಸಿದವರಿಗೆಲ್ಲ ಪೂರ್ತಿ ಸಮವಸ್ತ್ರ, ಹೆಲ್ಮೆಟ್, ಬ್ಯಾಗ್ ಹಾಕಿಸಿ ಮೂವತ್ತು ಅಡಿ ದೂರದಿಂದ, ಬೆನ್ನ ಕಡೆಯಿಂದ ವಿಡಿಯೋ ತೆಗೆಯಿರಿ. ಚಿತ್ರಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ತೋರಿಸಿ ‘ಇವನು ಯಾರು’ ಅಂತ ಕೇಳಿ. ಆಮೇಲೆ ಕಣ್ಣು ಮುಚ್ಚಿಸಿ ದನಿ ಕೇಳಿಸಿ. ಎರಡರಲ್ಲೂ ಗುರುತು ಸಿಗದ ಜೋಡಿ ಇದ್ದರೆ ಒಬ್ಬನನ್ನು ಬದಲಾಯಿಸಿ, ಇನ್ನೂ ತಡವಾಗಿಲ್ಲ. ಎತ್ತರ, ನಡಿಗೆ, ಕಂಠ ಕೆಲಸಕ್ಕೆ ಬರುತ್ತವೆ, ಮೀಸೆ ಅಷ್ಟು ಬರುವುದಿಲ್ಲ. ಎಲ್‌ಎಂಜಿ (ಲೈಟ್ ಮಷೀನ್ ಗನ್) ಹೊತ್ತವನು, ಬೆನ್ನ ಮೇಲೆ ವೈರ್‌ಲೆಸ್ ಸೆಟ್ಟಿನವನು, ಔಷಧಿ ಚೀಲದವನು ಎಂಬ ಗುರುತುಗಳನ್ನು ಸೇನೆಯೇ ಕೊಟ್ಟಿದೆ, ಬಳಸಿಕೊಳ್ಳಿ. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ರವಿ, ರಘು, ರಾಜು ಒಂದೇ ಬಂಕರಿನಲ್ಲಿದ್ದರೆ ಗುಂಡಿನ ಸದ್ದಿನ ನಡುವೆ ‘ರ’ ಮಾತ್ರ ಕೇಳಿಸುತ್ತದೆ. ಡಬ್ಬಿಂಗ್‌ನಲ್ಲಿ ಒಬ್ಬರೇ ಕಂಠದಾನ ಕಲಾವಿದರಿಂದ ಇಬ್ಬರು ಸೈನಿಕರಿಗೆ ಮಾತಾಡಿಸಿದರೆ, ಇಷ್ಟೂ ಪರಿಶ್ರಮ ಸ್ಟುಡಿಯೋದಲ್ಲಿ ಮಣ್ಣುಪಾಲು.

ವಯಸ್ಸಿನ ಬಗ್ಗೆ ನಮ್ಮಲ್ಲಿ ಯಾರೂ ಬಾಯಿಬಿಡುವುದಿಲ್ಲ. ಕಾರ್ಗಿಲ್‌ನಲ್ಲಿ ವಿಕ್ರಮ್ ಬಾತ್ರಾ, ಮನೋಜ್ ಕುಮಾರ್ ಪಾಂಡೆ ಇಬ್ಬರಿಗೂ 24 ವರ್ಷ. ಯೋಗೇಂದ್ರ ಸಿಂಗ್ ಯಾದವ್ ಅವರಿಗೆ 19. ನಲವತ್ತೈದರ ನಾಯಕನಿಗೆ ಕ್ಯಾಪ್ಟನ್ ಸ್ಟಾರ್ ಹಚ್ಚಿದರೆ ಬಡ್ತಿ ಯಾಕೆ ತಪ್ಪಿತು ಎಂಬ ಅನುಮಾನ ಬರುತ್ತದೆ, ಅಷ್ಟೇ. ಆ ವಯಸ್ಸಿನವರಿಗೆ ಕರ್ನಲ್ ಅಥವಾ ಸುಬೇದಾರ್ ಪಾತ್ರ ಸಹಜ. ಸುಬೇದಾರ್ ಅಂತೂ ನಮ್ಮ ಸಿನಿಮಾ ಪೂರ್ತಿ ಬಳಸಿಕೊಳ್ಳದ ಒಳ್ಳೆಯ ಪಾತ್ರ.

ಮೈಕಟ್ಟಿನದೂ ಹಾಗೇ. 16,000 ಅಡಿ ಮೇಲೆ ಏರುವವನು ಒಂದೇ ಉಸಿರಿಗೆ ನಾಲ್ಕು ಸಾಲು ಡೈಲಾಗ್ ಹೊಡೆಯಲಾರ. ಜರ್ಮನ್ ಜಲಾಂತರ್ಗಾಮಿಯ ಕಥೆ ಹೇಳುವ ‘ದಾಸ್ ಬೂಟ್’ ಚಿತ್ರವನ್ನು ಬಹುತೇಕ ಕಥೆಯ ಅನುಕ್ರಮದಲ್ಲೇ ಚಿತ್ರೀಕರಿಸಿದ್ದರಿಂದ ನಟರ ಗಡ್ಡ ನಿಜವಾಗಿ ಬೆಳೆಯಿತು, ಮುಖ ನಿಜವಾಗಿ ಬಿಳಿಚಿಕೊಂಡಿತು. ನಮ್ಮ ಬಜೆಟ್ಟಿಗೆ ಅದು ಕಷ್ಟ. ಆದರೆ ತೂಕ ಕೊಡಬಹುದಲ್ಲ? ಫೈಬರ್ ಬಂದೂಕು ಹಿಡಿದ ಸಹಕಲಾವಿದನ ಭುಜ ಇಳಿಯುವುದಿಲ್ಲ. ಇನ್ಸಾಸ್ ರೈಫಲ್ ನಾಲ್ಕು ಕೆಜಿಗೂ ಹೆಚ್ಚು, ಡಮ್ಮಿಯೊಳಗೆ ಸೀಸ ತುಂಬಿ ಅಷ್ಟಕ್ಕೆ ತನ್ನಿ. ಥರ್ಮಾಕೋಲ್ ತುಂಬಿದ ಬ್ಯಾಗ್ ಚೌಕಾಕಾರವಾಗಿ ನಿಲ್ಲುತ್ತದೆ, ಹತ್ತು ಕೆಜಿ ಹಾಕಿದರೆ ತಾನಾಗಿಯೇ ಬೆನ್ನಿಗೆ ಜೋತುಬೀಳುತ್ತದೆ. ಗುಂಡು ಹಾರಿಸದಿರುವಾಗ ಬೆರಳು ಟ್ರಿಗರ್ ಮೇಲಿರಬಾರದು. ತಲೆಗೆ ಟೋಪಿಯಿಲ್ಲದೆ ಸೆಲ್ಯೂಟ್ ಹೊಡೆಸಬೇಡಿ. ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್, ಜಾಲಹಳ್ಳಿಯಲ್ಲಿ ವಾಯುಪಡೆ, ಜೊತೆಗೆ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವ ಊರು ನಮ್ಮ ಬೆಂಗಳೂರು. ಯಾವ ಶೋನಲ್ಲಿ ನೋಡಿದರೂ ಒಬ್ಬ ನಿವೃತ್ತ ಸೈನಿಕರು ಕೂತಿರುತ್ತಾರೆ.

ಕೊನೆಗೆ ನಿರ್ಮಾಪಕರ ಪ್ರಶ್ನೆ: ಮುಖ ಇಲ್ಲದಿದ್ದರೆ ಒಟಿಟಿಯವರು ಯಾಕೆ ಕೊಳ್ಳುತ್ತಾರೆ? ನ್ಯಾಯವಾದ ಪ್ರಶ್ನೆಯೇ. ಸ್ಟಾರ್‌ನಿಂದ ನಾಲ್ಕು ದಿನದ ಕಾಲ್‌ಶೀಟ್ ತೆಗೆದುಕೊಂಡು ಕಮಾಂಡಿಂಗ್ ಆಫೀಸರ್ ಮಾಡಿ. ಪೋಸ್ಟರಿಗೆ ಅದು ಸಾಕು. ಎಡವುವುದು ಎಡಿಟಿಂಗ್‌ನಲ್ಲಿ. ದುಡ್ಡು ಕೊಟ್ಟಾಗಿದೆ ಎಂದು ಬಂಕರಿನ ದೃಶ್ಯದ ನಡುನಡುವೆ ಅವರ ಕೋಣೆಗೆ ಕಟ್ ಮಾಡುತ್ತಾರೆ. ಬೆಳಕಿನ ಕೋಣೆ, ಮೇಜಿನ ಮೇಲೆ ನಕ್ಷೆ, ಕುರ್ಚಿಯಲ್ಲಿ ಕ್ಷೇಮವಾಗಿ ಕೂತ ಮನುಷ್ಯ ಕಂಡರೆ ಕಟ್ಟಿದ ಬಿಗುವೆಲ್ಲ ಇಳಿದುಹೋಗುತ್ತದೆ. ಹುಡುಗರು ಹೊರಟ ಮೇಲೆ ಆ ಮುಖ ತೋರಿಸಬೇಡಿ, ವೈರ್‌ಲೆಸ್‌ನಲ್ಲಿ ದನಿ ಮಾತ್ರ ಕೇಳಿಸಿ. ಆ ದನಿಯೂ ಎಲ್ಲಿ ಕಡಿದುಹೋಗಬೇಕು ಎಂಬುದನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ.