ಕುದುರೆಗೆ ಹುಲ್ಲು ಹಾಕುವ ಬಗೆ

ಎಲ್ಲರಿಗೂ ನಮಸ್ಕಾರ. ಕುದುರೆಗೆ ದಿನಕ್ಕೆ ಎಷ್ಟು ಮೇವು ಬೇಕೆಂಬ ಲೆಕ್ಕ ಲಾಯ ನೋಡಿಕೊಳ್ಳುವವರಿಗೆಲ್ಲ ಬಾಯಿಪಾಠ: ದೇಹತೂಕದ ಶೇ. 1.5ರಿಂದ 2ರಷ್ಟು ಒಣಾಂಶ, ಅಂದರೆ ನೀರಿನಂಶ ಕಳೆದ ಮೇವಿನ ತೂಕ. ಒಣಹುಲ್ಲಿನಲ್ಲೂ ಸ್ವಲ್ಪ ನೀರಿರುವುದರಿಂದ 500 ಕೆ.ಜಿ. ತೂಗುವ ಕುದುರೆಗೆ ಅದು ಹೆಚ್ಚುಕಡಿಮೆ 9ರಿಂದ 11 ಕೆ.ಜಿ. ಒಣಹುಲ್ಲು. ಮೇವಿನ ತೂಕ ಸರಿಯಿದ್ದರೂ ಹೊಟ್ಟೆಹುಣ್ಣು ಬರುತ್ತದಲ್ಲ, ಅದು ಹೇಗೆ?

ಗಡಿಯಾರ ನೋಡಿ. ಸಂಜೆ 6ಕ್ಕೆ 5 ಕೆ.ಜಿ. ಹುಲ್ಲು ಸುರಿಯುತ್ತೀರಿ. ಒಂದು ಕಿಲೋ ಹುಲ್ಲು ತಿನ್ನಲು ಕುದುರೆಗೆ ಸುಮಾರು 40 ನಿಮಿಷ ಬೇಕು. ರಾತ್ರಿ ಒಂಬತ್ತೂವರೆಗೆಲ್ಲ ನೆಲ ಖಾಲಿ. ಮುಂದಿನ ಮೇವು ಬೆಳಿಗ್ಗೆ 6ಕ್ಕೆ. ನಡುವೆ ಎಂಟೂವರೆ ತಾಸು ಉಪವಾಸ! ಈ ಬಿಡುವು 4 ತಾಸು ಮೀರದಿದ್ದರೆ ಒಳ್ಳೆಯದು, 6 ತಾಸಂತೂ ದಾಟಲೇಬಾರದು.

ಕುದುರೆಯ ಜಠರ ಚಿಕ್ಕದು, 8ರಿಂದ 15 ಲೀಟರ್. ಆಮ್ಲ ಮಾತ್ರ ಹಗಲಿರುಳೂ ಒಸರುತ್ತಲೇ ಇರುತ್ತದೆ, ಒಳಗೆ ಮೇವಿರಲಿ, ಬಿಡಲಿ. ಅದನ್ನು ತಣಿಸುವ ಬೈಕಾರ್ಬನೇಟ್ ಇರುವುದು ಜೊಲ್ಲಿನಲ್ಲಿ; ಜೊಲ್ಲು ಧಾರಾಳವಾಗಿ ಬರುವುದು ಅಗಿಯುವಾಗ. ಒಂದು ಕಿಲೋ ಧಾನ್ಯ ಹತ್ತೇ ನಿಮಿಷದಲ್ಲಿ ಮುಗಿಯುವುದರಿಂದ ಅದು ಹುಲ್ಲಿನ ಕೆಲಸ ಮಾಡಲಾರದು. ಜಠರದ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಅಲ್ಲಿಗೇ ಚಿಮ್ಮುತ್ತದೆ. ಸವಾರಿಗೆ ಅರ್ಧ ಗಂಟೆ ಮುಂಚೆ ಒಂದಿಷ್ಟು ಹುಲ್ಲು ತಿನ್ನಿಸಿ ಎನ್ನುವುದು ಇದಕ್ಕೇ.

ಮೇವಿನ ತೂಕ ಹೆಚ್ಚಿಸದೆ ತಿನ್ನುವ ಹೊತ್ತು ಹೆಚ್ಚಿಸಲು, ಹುಲ್ಲು ತುಂಬಿ ಕಟ್ಟುವ ಸಣ್ಣ ಕಣ್ಣಿನ ಬಲೆ ಬೇಕು: 3ರಿಂದ 4 ಸೆಂ.ಮೀ. ಕಣ್ಣು. ಅಭ್ಯಾಸವಿಲ್ಲದ ಕುದುರೆ ಮೊದಲು ಸಿಟ್ಟಿಗೆದ್ದು ಬಲೆಯನ್ನು ಜಗ್ಗುತ್ತದೆ. ಮೊದಲ ವಾರ ಸ್ವಲ್ಪ ಬಿಡಿ ಹುಲ್ಲನ್ನೂ ಪಕ್ಕದಲ್ಲಿಡಿ. ಬಲೆಯನ್ನು ಕಣ್ಣಂದಾಜಿನಲ್ಲಿ ತುಂಬಬೇಡಿ, ತಕ್ಕಡಿಗೆ ತೂಗುಹಾಕಿ. ಒತ್ತಿ ತುಂಬಿದ್ದಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಕಿಲೋಗಟ್ಟಲೆ ವ್ಯತ್ಯಾಸ ಬರುತ್ತದೆ. ಕಬ್ಬಿಣದ ಜಾಲರಿ ನನಗೆ ಒಪ್ಪಿಗೆಯಿಲ್ಲ, ಬಾಚಿಹಲ್ಲು ಸವೆಯುತ್ತದೆ, ವಸಡು ಗಾಯವಾಗುತ್ತದೆ.

ಎತ್ತರದ ವಿಷಯ ಸ್ವಲ್ಪ ಪೇಚಿನದು. ಕುದುರೆ ಮೇಯುವುದು ತಲೆ ತಗ್ಗಿಸಿ; ಆಗ ಮೂಗು, ಶ್ವಾಸನಾಳದ ಲೋಳೆ ತಾನಾಗಿ ಹೊರಗೆ ಹರಿಯುತ್ತದೆ. ಬಲೆಯನ್ನು ತಲೆಯ ಮಟ್ಟಕ್ಕೆ ಕಟ್ಟಿದರೆ ದೂಳು ನೇರ ಕಣ್ಣಿಗೆ, ಮೂಗಿಗೆ. ತೀರಾ ಕೆಳಗೆ ಕಟ್ಟಿದರೆ ಗೊರಸು ಸಿಕ್ಕಿಕೊಳ್ಳುತ್ತದೆ. ಬಲೆ ಖಾಲಿಯಾದಂತೆ ಇನ್ನೂ ಜೋತುಬೀಳುವುದರಿಂದ ಎತ್ತರ ಅಳೆಯಬೇಕಾದದ್ದು ಖಾಲಿ ಬಲೆಯಲ್ಲಿ. ಲಾಳ ಹೊಡೆದ ಕುದುರೆಗೆ ನೆಲದಲ್ಲಿ ಬಲೆ ಬೇಡವೇ ಬೇಡ, ಎತ್ತರದ ಅಂಚಿನ ಪೆಟ್ಟಿಗೆಯೊಳಗಿಡಿ. ಮರಳು ನೆಲದ ಮೇಲೆ ಬಿಡಿ ಹುಲ್ಲು ಹಾಕುವಿರಾದರೆ ಕೆಳಗೆ ರಬ್ಬರ್ ಹಾಸು ಹಾಕಿ. ಇಲ್ಲವಾದರೆ ಹುಲ್ಲಿನ ಜೊತೆ ಹೋದ ಮರಳು ದೊಡ್ಡ ಕರುಳಿನಲ್ಲಿ ಶೇಖರವಾಗಿ ಹೊಟ್ಟೆನೋವು ತರುತ್ತದೆ.

ಕೆಮ್ಮುವ ಕುದುರೆಗೆ ಹುಲ್ಲನ್ನು ಕೊಡವಿ ಕೊಡುವವರಿದ್ದಾರೆ. ಕೊಡವಿದ ದೂಳು ಲಾಯದ ಗಾಳಿಯಲ್ಲೇ ಉಳಿಯುತ್ತದೆ. 10ರಿಂದ 30 ನಿಮಿಷ ನೆನೆಸಿ, ನೀರು ಬಸಿದು, ಹಸಿಯಿರುವಾಗಲೇ ತಿನ್ನಿಸಿ; ಒಣಗಿದರೆ ದೂಳು ಮತ್ತೆ ಏಳುತ್ತದೆ. ಗಂಟೆಗಟ್ಟಲೆ ನೆನೆಸಿದರೆ ಸಕ್ಕರೆಯ ಅಂಶ ಇಳಿಯುತ್ತದೆ. ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಇರುವ ಕುದುರೆಗೆ ಅದು ಅನುಕೂಲ, ಆದರೆ ಖನಿಜಗಳೂ ಹೋಗುತ್ತವೆ, ಬಿಸಿಲುಗಾಲದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ರತಿಸಲ ಹೊಸ ನೀರು ಬಳಸಿ. ಉಪಕರಣದಲ್ಲಿ ಚೆನ್ನಾಗಿ ಹಬೆ ಹಾಯಿಸಿದರೆ ಬೂಷ್ಟು ಸಾಯುತ್ತದೆ, ಸಕ್ಕರೆ ಹೆಚ್ಚೇನೂ ತಗ್ಗದು. ಮುಗ್ಗಲು ವಾಸನೆಯ ಹುಲ್ಲಿಗೆ ಮಾತ್ರ ಯಾವ ಉಪಾಯವೂ ಇಲ್ಲ, ಎಸೆಯಿರಿ.

ಕೊನೆಯದಾಗಿ, ಬಲೆಯ ಕೆಳಗೆ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ಬಲೆಯನ್ನು ದೂರಬೇಡಿ. ದವಡೆ ಹಲ್ಲು ಕೆಟ್ಟಿರಬಹುದು. ಪಶುವೈದ್ಯರು ಬಾಯಿ ನೋಡುವವರೆಗೆ ಬಲೆ ತೆಗೆದು, ಹುಲ್ಲು ಪುಡಿಮಾಡಿ ಒತ್ತಿದ ಗುಳಿಗೆ, ಅಂದರೆ ಪೆಲೆಟ್‌ಗಳನ್ನು ನೀರಿನಲ್ಲಿ ಗಂಜಿಯಂತೆ ನೆನೆಸಿ, ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಿ.