ಅದೇ ಸಿನಿಮಾ, ಇನ್ನೊಂದು ಸಲ

ಕೇಳುಗರಿಗೆಲ್ಲ ನಮಸ್ಕಾರ.

ದೊಡ್ಡವರು ಒಂದು ಸಿನಿಮಾವನ್ನು ಒಂದು ಸಲ ನೋಡುತ್ತಾರೆ. ತುಂಬಾ ಹಿಡಿಸಿದರೆ ಎರಡು ಸಲ. ಮಕ್ಕಳ ಲೆಕ್ಕವೇ ಬೇರೆ. ಇಷ್ಟದ ಕಾರ್ಟೂನ್ ಸಿನಿಮಾ ಇವತ್ತು ಮುಗಿದರೆ ನಾಳೆ ಮತ್ತೆ ಅದನ್ನೇ ಹಾಕು ಅನ್ನುತ್ತಾರೆ. ಮಾತೆಲ್ಲ ಬಾಯಿಪಾಠ ಆಗಿರುತ್ತದೆ, ಆದರೂ ನಗುವ ಜಾಗ ಬಂದಾಗ ಮೊದಲ ಸಲದಷ್ಟೇ ನಗುತ್ತಾರೆ. ಹಾಗಾಗಿ ಮನೆಯಲ್ಲಿ ಸಿನಿಮಾ ತೋರಿಸೋಕೆ ಯಾವ ದಾರಿ ಒಳ್ಳೇದು ಅಂತ ಯಾರಾದರೂ ಕೇಳಿದರೆ, ನಾನು ತಿರುಗಿ ಕೇಳುವುದು ಒಂದೇ. ಇದನ್ನ ಎಷ್ಟು ಸಲ ನೋಡ್ತಾರೆ?

ನಾನು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನವನು. ಡಿಶ್ ಕೂರಿಸುವುದು, ಗೋಡೆಗೆ ಟಿವಿ ಹಾಕುವುದು ನನ್ನ ಕೆಲಸ. ನಾನಿನ್ನೂ ಗೋಡೆಗೆ ತೂತು ಕೊರೆಯುತ್ತಿರುವಾಗಲೇ ಮನೆಯ ಚಿಕ್ಕವರು ರಿಮೋಟ್ ಹಿಡಿದು ನಿಂತಿರುತ್ತಾರೆ. 'ಅಣ್ಣಾ, ಇದರಲ್ಲಿ ಆ ಮೀನಿನ ಸಿನಿಮಾ ಬರುತ್ತಾ?' ಅಂತ ಒಂದು ಮಗು ಕೇಳಿತು. ಅದು ಕೇಳಿದ್ದು 'ಫೈಂಡಿಂಗ್ ನೀಮೋ'. 2003ರಲ್ಲಿ ಬಂದ ಸಿನಿಮಾ, ಆ ಮಗು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನದು.

ಬರುತ್ತಾ, ಇಲ್ವಾ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗುವುದಿಲ್ಲ. ಆ್ಯಪ್‌ಗಳು ಎಷ್ಟೋ ಸಿನಿಮಾಗಳನ್ನು ಇಷ್ಟು ಕಾಲ ಅಂತ ಕರಾರು ಮಾಡಿಕೊಂಡು ತೋರಿಸುತ್ತವೆ. ಕರಾರು ಮುಗಿದರೆ ಸಿನಿಮಾ ಅಲ್ಲಿಂದ ಮಾಯ. ಇನ್ನೊಂದು ಆ್ಯಪ್‌ನಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಆ್ಯಪ್‌ಗಳ ಹೆಸರೂ ಬದಲಾಗುತ್ತವೆ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಹಳೇ ಹೆಸರಲ್ಲಿ ಹುಡುಕಿ ಸಿಗ್ತಿಲ್ಲ ಅನ್ನುವವರು ಆಮೇಲೂ ಸುಮಾರು ಜನ ಇದ್ದರು. ಅದಕ್ಕೇ ಹೇಳುತ್ತೇನೆ, ದುಡ್ಡು ಕಟ್ಟುವ ಮುಂಚೆ ಆ ಸಿನಿಮಾ ಆ ಆ್ಯಪ್‌ನಲ್ಲಿ ಇವತ್ತು ಇದೆಯಾ, ಯಾವ ಭಾಷೆಯಲ್ಲಿ ಇದೆ, ಎರಡನ್ನೂ ನೋಡಿಕೊಳ್ಳಿ. ವರ್ಷದ ಪ್ಯಾಕ್ ಹಾಕಿಸಿಬಿಟ್ಟು ಆಮೇಲೆ ಹುಡುಕಬೇಡಿ.

ಒಂದೇ ಸಲ ನೋಡುವುದಾದರೆ ಬಾಡಿಗೆ ಸಾಕು. ಯೂಟ್ಯೂಬ್‌ನಲ್ಲೂ ಇನ್ನು ಕೆಲವು ಕಡೆಯೂ ಒಂದೊಂದೇ ಸಿನಿಮಾ ಬಾಡಿಗೆಗೆ ಸಿಗುತ್ತದೆ. ದುಡ್ಡು ಕೊಟ್ಟ ಮೇಲೆ ಶುರು ಮಾಡೋಕೆ ಸಾಮಾನ್ಯವಾಗಿ 30 ದಿನ ಇರುತ್ತದೆ, ಶುರು ಮಾಡಿದ ಮೇಲೆ ಮುಗಿಸೋಕೆ 48 ಗಂಟೆ. ಶನಿವಾರ ಸಂಜೆ ಹಾಕಿದರೆ ಸೋಮವಾರ ಸಂಜೆಯವರೆಗೆ ಎಷ್ಟು ಸಲ ಬೇಕಾದರೂ ನೋಡಬಹುದು. ಮಂಗಳವಾರ ಮಗು ಮತ್ತೆ ಕೇಳಿದರೆ ಮತ್ತೆ ಬಾಡಿಗೆ ಕಟ್ಟಬೇಕು. ಕೊಂಡುಕೊಳ್ಳುವ ಗುಂಡಿಯೂ ಪಕ್ಕದಲ್ಲೇ ಇರುತ್ತದೆ. ಆದರೆ ಕೊಂಡರೂ ನಿಮಗೆ ಸಿಗುವುದು ನೋಡುವ ಅನುಮತಿ ಅಷ್ಟೇ. ಆ ಕಂಪನಿಯ ಹತ್ತಿರ ಹಕ್ಕು ಇರುವ ತನಕ ಅದು ನಡೆಯುತ್ತದೆ.

ಹಳೇ ಕಾಲದವನು ಅಂದುಕೊಳ್ಳಿ ಬೇಕಾದರೆ, ಮಗು ಪದೇ ಪದೇ ಕೇಳುವ ಒಂದೆರಡು ಸಿನಿಮಾಕ್ಕೆ ನನ್ನ ಓಟು ಡಿವಿಡಿಗೇ. ಸಿಕ್ಕರೆ ಬಿಡಬೇಡಿ. ನೆಟ್ ಬೇಡ, ಪ್ಯಾಕ್ ಬೇಡ, ತಿಂಗಳ ಕೊನೆಯಲ್ಲಿ ಮಾಯವಾಗುವುದಿಲ್ಲ. ಮೂಲೆ ಸೇರಿರುವ ಪ್ಲೇಯರ್ ಒರೆಸಿ ತೆಗೆಯಿರಿ. ಹಳದಿ, ಕೆಂಪು, ಬಿಳಿ ವೈರು ಚುಚ್ಚುವ ಜಾಗ ಹೊಸ ಟಿವಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಎಷ್ಟೋ ಟಿವಿಗಳಲ್ಲಿ ಹೆಡ್‌ಫೋನ್ ಪಿನ್ನಿನಂಥ ಒಂದೇ ತೂತು ಇರುತ್ತದೆ, ಅದಕ್ಕೆ ಬೇರೆ ವೈರು ಬರುತ್ತದೆ. ಅಮೆರಿಕದಲ್ಲಿರುವ ನೆಂಟರು ಡಿಸ್ಕ್ ತಂದುಕೊಡುತ್ತೇವೆ ಅಂದರೆ ಮಾತ್ರ ಸ್ವಲ್ಪ ಯೋಚನೆ ಮಾಡಿ. ಡಿವಿಡಿಗಳಿಗೆ ದೇಶಕ್ಕೆ ತಕ್ಕ ಹಾಗೆ ಒಂದು ನಂಬರ್ ಇರುತ್ತದೆ. ಅಲ್ಲಿಯದು 1, ನಮ್ಮದು 5. ನಂಬರ್ ಹೊಂದದಿದ್ದರೆ ಪ್ಲೇಯರ್ ಡಿಸ್ಕನ್ನು ಓದುವುದೇ ಇಲ್ಲ.

ಇನ್ನು ಪೆನ್‌ಡ್ರೈವ್‌ಗೆ ಸಿನಿಮಾ ತುಂಬಿಸಿಕೊಂಡು ಬರುವುದು, ಯಾರೋ ಕಳಿಸಿದ ಲಿಂಕ್ ಒತ್ತುವುದು. ಕದ್ದ ಮಾಲು ಅನ್ನುವುದು ಒಂದು ಕಡೆ ಇರಲಿ. ಅಂಥ ಸೈಟುಗಳಲ್ಲಿ ಸಿನಿಮಾ ಮಧ್ಯೆ ಜೂಜಿನ ಜಾಹೀರಾತು, ಇನ್ನೂ ಏನೇನೋ ಬರುತ್ತವೆ. ಮಕ್ಕಳ ಕೈಗೆ ಅದನ್ನು ಕೊಡಬೇಡಿ.

ನೆಟ್ ಲೆಕ್ಕಕ್ಕೆ ಬರೋಣ. ಹಳ್ಳಿಯ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಫೋನಿನ ಹಾಟ್‌ಸ್ಪಾಟ್ ಒಂದೇ. ಎಚ್‌ಡಿಯಲ್ಲಿ ಸಿನಿಮಾ ಹಾಕಿದರೆ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ, ಸಾಧಾರಣ ಗುಣಮಟ್ಟಕ್ಕೆ ಸುಮಾರು 1 ಜಿಬಿ. ಆ ಮೀನಿನ ಸಿನಿಮಾ 100 ನಿಮಿಷದ್ದು. ಎಚ್‌ಡಿಯಲ್ಲಾದರೆ 5 ಜಿಬಿ ಆಯಿತು. ನಿಮ್ಮ ಪ್ಯಾಕ್ ದಿನಕ್ಕೆ 2 ಜಿಬಿ ಕೊಡುತ್ತಿದ್ದರೆ, ಅಪ್ಪ ಮೀನು ಅರ್ಧ ಸಮುದ್ರ ದಾಟುವ ಮುಂಚೆಯೇ ಚಕ್ರ ಸುತ್ತೋಕೆ ಶುರುವಾಗುತ್ತದೆ. ಆಮೇಲೆ ಇಡೀ ಮನೆ ಒಟ್ಟಿಗೆ ಅಳುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗುಣಮಟ್ಟ ಇಳಿಸಿದರೆ ಅದೇ ಸಿನಿಮಾ 2 ಜಿಬಿಯ ಒಳಗೆ ಮುಗಿಯುತ್ತದೆ. ಕಾರ್ಟೂನ್‌ಗೆ ಅದರಿಂದ ಅಂಥ ನಷ್ಟವೇನೂ ಆಗುವುದಿಲ್ಲ.

ವೈಫೈ ಇರುವ ಕಡೆ ಹೋದಾಗ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಇನ್ನೂ ಒಳ್ಳೇದು. ಅದು ಆ ಫೋನಿನಲ್ಲಿ, ಆ ಆ್ಯಪ್ ಒಳಗೆ ಮಾತ್ರ ಓಡುತ್ತದೆ. ಕೆಲವು ದಿನ ಬಿಟ್ಟರೆ ಅವಧಿಯೂ ಮುಗಿಯುತ್ತದೆ. ಫೋನಿನಿಂದ ಟಿವಿಗೆ ವೈರು ಹಾಕಿಕೊಳ್ಳೋಣ ಅಂತ ಅಡಾಪ್ಟರ್ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಚುಚ್ಚಿ ನೋಡಿ. ಟೈಪ್-ಸಿ ಇರುವ ಎಲ್ಲ ಫೋನಿನಿಂದಲೂ ಚಿತ್ರ ಹೊರಗೆ ಬರುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದು ಬರೀ ಚಾರ್ಜಿಂಗ್‌ಗೆ, ಫೈಲ್ ಕಳಿಸೋಕೆ ಇರುವುದು.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ, ಸಮಯ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳು ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ ಯಾರಿಗೂ ಪುರಸೊತ್ತಿರುವುದಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ರಾತ್ರಿ ಊಟ ಆದ ಮೇಲೂ ಸೊಪ್ಪು ಹಾಕಬೇಕು. ಅಮ್ಮ ಹುಳುಮನೆಯಲ್ಲಿ, ಅಪ್ಪ ತೋಟದಲ್ಲಿ, ಸಿನಿಮಾ ನೋಡುವವರು ಯಾರು? ಆದರೆ ಹುಳು ಜ್ವರಕ್ಕೆ ಕೂತಾಗ ಹಾಗಲ್ಲ. ಪೊರೆ ಬಿಡುವ ಮುಂಚೆ ಸುಮಾರು ಒಂದು ದಿನ ಅದು ಸೊಪ್ಪು ಮುಟ್ಟುವುದಿಲ್ಲ. ತಟ್ಟೆ ತುಂಬಾ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಆಗ ಸೊಪ್ಪು ಹಾಕಲೂಬಾರದು. ಮನೆಮಂದಿಯೆಲ್ಲ ಒಟ್ಟಿಗೆ ಸಿನಿಮಾ ನೋಡೋಕೆ ಅದೇ ರಾತ್ರಿ. ನನ್ನ ಪರಿಚಯದ ಮನೆಗಳಲ್ಲಿ ಮಕ್ಕಳು ಇದನ್ನು ಲೆಕ್ಕ ಹಾಕಿ ಇಟ್ಟುಕೊಂಡಿರುತ್ತಾರೆ. ಮೊಟ್ಟೆ ತಂದ ದಿನದಿಂದಲೇ ಎಣಿಸುತ್ತಾರೆ ಅಂದರೂ ನಡೆಯುತ್ತದೆ.

ಕರೆಂಟ್ ಹೋದರೆ? ಇನ್ವರ್ಟರ್ ಇರುವವರು ಟಿವಿಯನ್ನು ಅದಕ್ಕೆ ಕೊಟ್ಟಿರುತ್ತಾರೆ, ವೈಫೈ ಡಬ್ಬವನ್ನು ಮರೆತಿರುತ್ತಾರೆ. ಟಿವಿ ಆನ್ ಇರುತ್ತದೆ, ಸಿನಿಮಾ ನಿಲ್ಲುತ್ತದೆ. ಎರಡನ್ನೂ ಒಂದೇ ಲೈನಿಗೆ ಹಾಕಿಸಿ.

ಭಾಷೆ ವಿಷಯ. ನಮ್ಮ ಜಿಲ್ಲೆಯಲ್ಲಿ, ಕೋಲಾರದ ಕಡೆಯೂ ಅಷ್ಟೇ, ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ತೆಲುಗು, ಮಗು ಓದುವುದು ಕನ್ನಡ ಇಲ್ಲವೇ ಇಂಗ್ಲಿಷ್. ಹೊರಗಿನ ಕಾರ್ಟೂನ್ ಸಿನಿಮಾಗಳು ಹಿಂದಿ, ತಮಿಳು, ತೆಲುಗಿನಲ್ಲಿ ಸಿಗುವಷ್ಟು ಕನ್ನಡದಲ್ಲಿ ಸಿಗುವುದಿಲ್ಲ. ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ಬಹಳ ಕಾಲ ವಿರೋಧ ಇತ್ತು. ಅದನ್ನು ಹಾಗೆ ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿದ್ದು 2015ರಲ್ಲಿ. ಈಚೆಗೆ ಪರವಾಗಿಲ್ಲ. 2025ರಲ್ಲಿ ಬಂದ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ತೆಲುಗಿನಲ್ಲೂ ಬಂತು. ಪ್ರಹ್ಲಾದನ ಕಥೆ ಅಜ್ಜಿಗೆ ಹೇಗೂ ಗೊತ್ತು. ಸಿನಿಮಾ ಓಡುತ್ತಿರುವಾಗ ಆಡಿಯೋ ಅಂತ ಬರುವ ಕಡೆ ಒತ್ತಿ ಯಾವ್ಯಾವ ಭಾಷೆ ಇದೆ ನೋಡಿ. ಹೇಗೂ ಹತ್ತಾರು ಸಲ ನೋಡುವುದೇ ಅಲ್ವಾ, ಒಂದು ಸಲ ಅಜ್ಜಿಯ ಭಾಷೆಯಲ್ಲಿ, ಒಂದು ಸಲ ಮಗುವಿನ ಭಾಷೆಯಲ್ಲಿ ಹಾಕಿ.

ಹೊಸ ಟಿವಿ ತಂದವರಿಗೆ ಒಂದು ಮಾತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕೈಯಲ್ಲಿ ಬರೆದ ಹಳೇ ಕಾರ್ಟೂನ್‌ಗಳಲ್ಲಿ ಎಷ್ಟೋ ಕಡೆ ಒಂದೇ ಚಿತ್ರವನ್ನು ಎರಡೆರಡು ಸಲ ಹಿಡಿದಿರುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಈಗಿನ ಟಿವಿಗಳು ಚಿತ್ರದ ಮಧ್ಯೆ ಮಧ್ಯೆ ತಾವೇ ಚಿತ್ರ ಹುಟ್ಟಿಸಿ ತುಂಬುತ್ತವೆ. ಕ್ರಿಕೆಟ್‌ಗೆ ಅದು ಚೆನ್ನ. ಕಾರ್ಟೂನ್‌ನಲ್ಲಿ ಗೊಂಬೆಗಳು ಎಣ್ಣೆ ಹಚ್ಚಿದಂತೆ ಜಾರುತ್ತವೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಮೋಷನ್ ಅಂತ ಏನಾದರೂ ಇದ್ದರೆ ಆಫ್ ಮಾಡಿ. ಅಂಗಡಿಯಲ್ಲಿ ಕಣ್ಣು ಕುಕ್ಕಲಿ ಅಂತ ಇಟ್ಟಿದ್ದ ವಿವಿಡ್ ಅನ್ನೂ ತೆಗೆದು ಸಿನಿಮಾ ಮೋಡ್‌ಗೆ ಹಾಕಿ.

ಕಾರ್ಟೂನ್ ಅಂದ ತಕ್ಷಣ ಎಲ್ಲವೂ ಚಿಕ್ಕ ಮಕ್ಕಳಿಗೆ ಅಂತ ಅಂದುಕೊಳ್ಳಬೇಡಿ. ಸಿನಿಮಾ ಹೆಸರಿನ ಪಕ್ಕ ಯು ಅಂತ ಇದ್ದರೆ ಎಲ್ಲರಿಗೂ ಸರಿ. ಯುಎ ಜೊತೆ 7, 13, 16 ಅಂತ ವಯಸ್ಸು ಇರುತ್ತದೆ. 13 ಮತ್ತು ಅದಕ್ಕಿಂತ ಮೇಲಿನದಕ್ಕೆ ಬೀಗ ಹಾಕುವ ಸೌಲಭ್ಯವನ್ನು ಆ್ಯಪ್‌ಗಳು ಕೊಡಲೇಬೇಕು ಅಂತ 2021ರಿಂದ ನಿಯಮ ಇದೆ. ಆ ಬೀಗ ಹಾಕಿ. ಬಾಡಿಗೆ, ಖರೀದಿಗೂ ಪಿನ್ ಇಡಿ. ಇಲ್ಲದಿದ್ದರೆ ರಿಮೋಟ್ ಒತ್ತಿ ಒತ್ತಿ ನಿಮ್ಮ ಖಾತೆಯಿಂದ ಒಂದೇ ಸಂಜೆಗೆ ನಾಲ್ಕು ಸಿನಿಮಾ ಬಾಡಿಗೆಗೆ ಬಂದಿರುತ್ತವೆ. ಪಿನ್ ಮಾತ್ರ ಒಂದು ಎರಡು ಮೂರು ನಾಲ್ಕು ಅಂತ ಇಡಬೇಡಿ. ಎಲ್‌ಕೆಜಿ ಮಗು ಮೊದಲು ಒತ್ತಿ ನೋಡುವುದೇ ಅದನ್ನು.

ನಮಸ್ಕಾರ.